ಹೊಸಬರನ್ನು ಒಳಗೆ ಬಿಟ್ಟುಕೊಳ್ಳುವ ಮುನ್ನ

ನೇಷನ್‌ಸ್ಟೇಟ್ಸ್ ಎಂಬ ಆಟವೊಂದಿದೆ. ಇಂಟರ್‌ನೆಟ್ಟಿನಲ್ಲಿ ಆಡುವ ಆಟ. ಆದರೆ ಇದರಲ್ಲಿ ಗುಂಡು ಹಾರಿಸುವುದಿಲ್ಲ, ಕಾರು ಓಡಿಸುವುದಿಲ್ಲ. ಓದುವುದು, ಬರೆಯುವುದು, ವಾದ ಮಾಡಿ ಒಪ್ಪಿಸುವುದು, ಮತ ಹಾಕುವುದು, ಇಷ್ಟೇ ಇದರ ಸರಕು. ಆಸ್ಟ್ರೇಲಿಯಾದ ಕಾದಂಬರಿಕಾರ ಮ್ಯಾಕ್ಸ್ ಬ್ಯಾರಿ ತಮ್ಮ ‘ಜೆನ್ನಿಫರ್ ಗವರ್ನ್‌ಮೆಂಟ್’ ಎಂಬ ಕಾದಂಬರಿಗೆ ಪ್ರಚಾರ ಸಿಗಲೆಂದು 2002ರ ನವೆಂಬರಿನಲ್ಲಿ ಇದನ್ನು ಶುರುಮಾಡಿದರು. ಕಾದಂಬರಿ ಬಂದು ಎರಡು ದಶಕ ದಾಟಿತು, ಆಟ ಇನ್ನೂ ನಡೆಯುತ್ತಿದೆ. ಅದರೊಳಗೆ ತಲೆಮಾರುಗಟ್ಟಲೆ ಆಟಗಾರರು ಸಂವಿಧಾನ ಬರೆದಿದ್ದಾರೆ, ನ್ಯಾಯಾಲಯ ಕಟ್ಟಿದ್ದಾರೆ, ಕ್ಷಿಪ್ರಕ್ರಾಂತಿ ಮಾಡಿದ್ದಾರೆ, ಕ್ರಾಂತಿ ಮಾಡಿದವರನ್ನು ಇಳಿಸಿಯೂ ಇದ್ದಾರೆ. ಇವರಲ್ಲಿ ಹೈಸ್ಕೂಲು, ಕಾಲೇಜಿನ ಮಕ್ಕಳೂ ಇದ್ದಾರೆ ಎಂಬುದು ನೆನಪಿರಲಿ. ಈ ಮಕ್ಕಳು ಒಂದು ಗಂಭೀರವಾದ ಪ್ರಶ್ನೆಯನ್ನು ಎದುರಿಸಿದ್ದಾರೆ. ಗುರುತು ಪರಿಚಯವಿಲ್ಲದ ಒಬ್ಬರು ಬಂದು ‘ನಾನೂ ನಿಮ್ಮ ಪ್ರಜೆಯಾಗುತ್ತೇನೆ’ ಎಂದರೆ, ಅವರು ಶತ್ರುವಿನ ಕಡೆಯವರಲ್ಲ ಎಂದು ತಿಳಿಯುವುದು ಹೇಗೆ? ತಿಳಿಯುವ ಹೆಸರಿನಲ್ಲಿ ಎಷ್ಟು ದೂರ ಹೋಗಬಹುದು?

ಮೊದಲು ಆಟದ ನಡೆ ಹೇಳುತ್ತೇನೆ. ಅದಿಲ್ಲದೆ ಈ ಭಯ ಎಲ್ಲಿಂದ ಬಂತೆಂದು ಅರ್ಥವಾಗುವುದಿಲ್ಲ.

ಆಟಗಾರರು ಒಂದು ರಾಷ್ಟ್ರ ಕಟ್ಟುತ್ತಾರೆ. ಹೆಸರು, ಬಾವುಟ, ನಾಣ್ಯ ಎಲ್ಲ ಅವರ ಇಷ್ಟ. ರಾಷ್ಟ್ರಗಳು ಸೇರಿ ಪ್ರದೇಶಗಳಾಗುತ್ತವೆ. ಎಲ್ಲ ಪ್ರದೇಶಗಳ ಮೇಲೆ ಒಂದು ವಿಶ್ವಸಭೆ ಇದೆ. ಮೊದಲು ಅದಕ್ಕೆ ವಿಶ್ವಸಂಸ್ಥೆಯ ಹೆಸರನ್ನೇ ಇಟ್ಟಿದ್ದರು. ನಿಜವಾದ ವಿಶ್ವಸಂಸ್ಥೆ ಆಕ್ಷೇಪಿಸಿದ್ದರಿಂದ 2008ರಲ್ಲಿ ಹೆಸರು ಬದಲಾಯಿತು. ಒಬ್ಬ ಆಟಗಾರ ಎಷ್ಟು ರಾಷ್ಟ್ರಗಳನ್ನಾದರೂ ಕಟ್ಟಬಹುದು, ಆದರೆ ವಿಶ್ವಸಭೆಯಲ್ಲಿ ಅವನದು ಒಂದೇ ರಾಷ್ಟ್ರ ಇರಬೇಕು. ಒಂದು ಪ್ರದೇಶದಲ್ಲಿರುವ ವಿಶ್ವಸಭೆಯ ಸದಸ್ಯರು ಪರಸ್ಪರ ಅನುಮೋದನೆ ಕೊಟ್ಟುಕೊಳ್ಳುತ್ತಾರೆ. ಯಾರಿಗೆ ಅತಿ ಹೆಚ್ಚು ಅನುಮೋದನೆ ಇದೆಯೋ ಅವರೇ ಆ ಪ್ರದೇಶದ ಪ್ರತಿನಿಧಿ, ಆಟಗಾರರ ಮಾತಿನಲ್ಲಿ ಡೆಲಿಗೇಟ್.

ಈ ಡೆಲಿಗೇಟ್ ಹುದ್ದೆ ಬರೀ ಗೌರವದ್ದಲ್ಲ. ಅಲ್ಲಿ ಕೂತವರು ಬೇರೆ ರಾಷ್ಟ್ರಗಳನ್ನು ಪ್ರದೇಶದಿಂದ ಹೊರಗೆ ಹಾಕಬಹುದು, ಮತ್ತೆ ಬರದಂತೆ ತಡೆಯಬಹುದು, ಪ್ರದೇಶದ ಪರಿಚಯದ ಬರಹವನ್ನು ಅಳಿಸಿ ತಮಗೆ ಬೇಕಾದ್ದನ್ನು ಬರೆಯಬಹುದು, ಪಾಸ್‌ವರ್ಡ್ ಹಾಕಿ ಬಾಗಿಲನ್ನೇ ಮುಚ್ಚಬಹುದು. ವರ್ಷಗಟ್ಟಲೆ ಹತ್ತಾರು ಜನ ಕೂಡಿ ಬೆಳೆಸಿದ್ದನ್ನು ಒಂದು ರಾತ್ರಿಯಲ್ಲಿ ಬಯಲು ಮಾಡಿಬಿಡಬಹುದು. ಬಹಳ ವರ್ಷಗಳವರೆಗೆ, ಆಟಗಾರರು ಕಟ್ಟಿದ ಪ್ರದೇಶಕ್ಕೆ ಸ್ಥಾಪಕ ಅಂತ ಒಬ್ಬರಿರುತ್ತಿದ್ದರು, ಅವರನ್ನು ಉರುಳಿಸಲಾಗುತ್ತಿರಲಿಲ್ಲ. ಆದರೆ ಸ್ಥಾಪಕರು ಆಟ ಬಿಟ್ಟರೆ, ಸಾಮಾನ್ಯವಾಗಿ 28 ದಿನ ಆ ಕಡೆ ತಲೆಹಾಕದಿದ್ದರೆ, ಅವರ ರಾಷ್ಟ್ರ ಅಳಿಯುತ್ತಿತ್ತು. ಪ್ರದೇಶಕ್ಕೆ ಕಾವಲು ತಪ್ಪುತ್ತಿತ್ತು. ಹೊಸ ರಾಷ್ಟ್ರಗಳು ಹುಟ್ಟುವ ಪೆಸಿಫಿಕ್ ಎಂಬ ಹೆಸರಿನ ಐದು ದೊಡ್ಡ ಪ್ರದೇಶಗಳಿಗಂತೂ ಸ್ಥಾಪಕರು ಮೊದಲಿನಿಂದಲೇ ಇಲ್ಲ. ಅಲ್ಲಿ ಅನುಮೋದನೆ ಕೂಡಿಸಿದವರದೇ ಗದ್ದುಗೆ.

2003ರ ಆಗಸ್ಟಿನಲ್ಲಿ ದಿ ಪೆಸಿಫಿಕ್ ಎಂಬ ಪ್ರದೇಶದಲ್ಲಿ ಫ್ರಾಂಕೋಸ್ ಸ್ಪೇನ್ ಎಂಬ ರಾಷ್ಟ್ರ ಡೆಲಿಗೇಟ್ ಸ್ಥಾನಕ್ಕೇರಿತು. ಏರಿದ ಮೇಲೆ ತನಗೆ ಆಗದವರನ್ನು ಹೊರಗೆ ಹಾಕತೊಡಗಿತು. ಅಲ್ಲಿಂದ ಹುಟ್ಟಿದ ‘ನ್ಯೂ ಪೆಸಿಫಿಕ್ ಆರ್ಡರ್’ ಎಂಬ ಆಡಳಿತ ಆಟದ ಚರಿತ್ರೆಯನ್ನೇ ಬದಲಾಯಿಸಿತು. ಆಗಿನ್ನೂ ಯಾರನ್ನು ಬೇಕಾದರೂ ಪುಕ್ಕಟೆಯಾಗಿ ಹೊರಹಾಕಬಹುದಿತ್ತು. 2006ರಲ್ಲಿ ‘ಇನ್‌ಫ್ಲುಯೆನ್ಸ್’ ಎಂಬ ನಿಯಮ ಬಂತು. ಒಂದು ಪ್ರದೇಶದಲ್ಲಿ ಬಹಳ ಕಾಲ ಬಾಳಿದ ರಾಷ್ಟ್ರಕ್ಕೆ ಪ್ರಭಾವ ಕೂಡುತ್ತಾ ಹೋಗುತ್ತದೆ. ಅಂಥವರನ್ನು ಹೊರಹಾಕಬೇಕಾದರೆ ಡೆಲಿಗೇಟ್ ತನ್ನ ಪ್ರಭಾವವನ್ನು ಖರ್ಚು ಮಾಡಬೇಕು. ನೆಲೆಸಿದ ಕಾಲಕ್ಕೆ ಬೆಲೆ ಬಂತು. ಈ ಮಾತನ್ನು ಮುಂದೆ ಮತ್ತೆ ಎತ್ತಿಕೊಳ್ಳುತ್ತೇನೆ.

ಪ್ರದೇಶಗಳನ್ನು ಕಿತ್ತುಕೊಳ್ಳುವುದನ್ನೇ ಆಟವಾಗಿ ಆಡುವವರೂ ಇದ್ದಾರೆ. ಅವರನ್ನು ರೇಡರ್‌ಗಳು ಎನ್ನುತ್ತಾರೆ, ತಡೆಯುವವರನ್ನು ಡಿಫೆಂಡರ್‌ಗಳು ಎನ್ನುತ್ತಾರೆ. ದಿನಕ್ಕೆ ಎರಡು ಸಲ ಆಟದ ಯಂತ್ರ ಎಲ್ಲ ಪ್ರದೇಶಗಳ ಲೆಕ್ಕವನ್ನು ಒಂದರ ನಂತರ ಒಂದರಂತೆ ಹೊಸದಾಗಿ ಮಾಡುತ್ತದೆ, ಅದೇ ಅಪ್‌ಡೇಟ್. ಆ ಗಳಿಗೆಯಲ್ಲಿ ಯಾರಿಗೆ ಹೆಚ್ಚು ಅನುಮೋದನೆ ಇದೆಯೋ ಅವರು ಡೆಲಿಗೇಟ್. ರೇಡರ್‌ಗಳು ಅಪ್‌ಡೇಟಿಗೆ ಇನ್ನೇನು ಕೆಲವೇ ಸೆಕೆಂಡು ಇದೆ ಎನ್ನುವಾಗ ಗುಂಪಾಗಿ ನುಗ್ಗಿ, ತಮ್ಮಲ್ಲಿ ಒಬ್ಬನಿಗೆ ಎಲ್ಲರೂ ಅನುಮೋದನೆ ಕೊಟ್ಟು ಗದ್ದುಗೆ ಹಿಡಿಯುತ್ತಾರೆ. ಗೆದ್ದವರು ಬಾಗಿಲು ಮುಚ್ಚಿಕೊಂಡು ಕೂರುವುದು ಅತಿಯಾದಾಗ, 2009ರಲ್ಲಿ ವಿಶ್ವಸಭೆಗೆ ಭದ್ರತೆಯ ಹೊಸ ಅಂಗವೊಂದು ಬಂತು. ಡೆಲಿಗೇಟ್ ಹಾಕಿದ ಪಾಸ್‌ವರ್ಡನ್ನು ತೆಗೆಸುವ ನಿರ್ಣಯ ಮಾಡಲು ಅದರಿಂದ ದಾರಿಯಾಯಿತು.

ದೊಡ್ಡ ಪ್ರದೇಶಗಳನ್ನು ಹೀಗೆ ಸೆಕೆಂಡಿನಲ್ಲಿ ಹಿಡಿಯಲಾಗುವುದಿಲ್ಲ. ಅಲ್ಲಿನ ಡೆಲಿಗೇಟಿಗೆ ನೂರಾರು ಅನುಮೋದನೆ ಇರುತ್ತದೆ. ಅಲ್ಲಿಗೆ ಬೇರೆ ದಾರಿ. ಒಬ್ಬರು ಸಾಧುವಾಗಿ ಬಂದು ನೆಲೆಸುತ್ತಾರೆ. ಎಲ್ಲರಿಗೂ ಅನುಮೋದನೆ ಕೊಡುತ್ತಾ ತಾವೂ ಪಡೆಯುತ್ತಾ ಹೋಗುತ್ತಾರೆ. ಸಭೆಯಲ್ಲಿ ಚೆನ್ನಾಗಿ ಮಾತಾಡುತ್ತಾರೆ, ಸಣ್ಣಪುಟ್ಟ ಕೆಲಸ ವಹಿಸಿಕೊಳ್ಳುತ್ತಾರೆ, ಚುನಾವಣೆಗೆ ನಿಲ್ಲುತ್ತಾರೆ. ತಿಂಗಳುಗಳ ನಂತರ ಒಂದು ದಿನ ನಿಜವಾದ ಯಜಮಾನರಿಂದ ಅಪ್ಪಣೆ ಬರುತ್ತದೆ. ಇಂಥವರಿಗೆ ಆಟಗಾರರು ‘ಸ್ಲೀಪರ್’ ಅನ್ನುತ್ತಾರೆ. ಹೊಸಬರ ತಪಾಸಣೆ ಹುಟ್ಟಿದ್ದು ಮುಖ್ಯವಾಗಿ ಈ ಸ್ಲೀಪರ್ ಭಯದಿಂದ.

ತಪಾಸಣೆ ಮಾಡುವುದು ಆಟದ ಯಂತ್ರವಲ್ಲ ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ. ಯಂತ್ರಕ್ಕೆ ಪೌರತ್ವ ಅಂದರೆ ಏನೆಂದೇ ಗೊತ್ತಿಲ್ಲ. ಬಾಗಿಲು ತೆರೆದಿರುವ ಪ್ರದೇಶಕ್ಕೆ ಯಾವ ರಾಷ್ಟ್ರ ಬೇಕಾದರೂ ಬರಬಹುದು, ಇರಬಹುದು. ಪ್ರಜೆ, ಮತದಾರ, ಮಂತ್ರಿ, ನ್ಯಾಯಾಧೀಶ ಇವೆಲ್ಲ ಆಟಗಾರರು ತಾವೇ ಕುಳಿತು ಬರೆದುಕೊಂಡ ಕಾನೂನುಗಳು. ಆ ಕಾನೂನುಗಳು ನಿಂತಿರುವುದು ಜನರ ಒಪ್ಪಿಗೆಯ ಮೇಲೆ. ಹಾಗಾಗಿ ಹೊಸಬರನ್ನು ಹೇಗೆ ನಡೆಸಿಕೊಳ್ಳುತ್ತಾರೆ ಎಂಬುದರಲ್ಲಿ ಅವರ ಪ್ರಜಾಪ್ರಭುತ್ವದ ಗುಣ ಕಾಣುತ್ತದೆ.

ದಿ ನಾರ್ತ್ ಪೆಸಿಫಿಕ್ ಎಂಬ ಪ್ರದೇಶವನ್ನು ತೆಗೆದುಕೊಳ್ಳೋಣ. ಆಟದ ಬಹು ದೊಡ್ಡ, ಬಹು ಹಳೆಯ ಪ್ರಜಾಪ್ರಭುತ್ವಗಳಲ್ಲಿ ಅದೊಂದು. ಅಲ್ಲಿ ಪ್ರಜೆಯಾಗಬೇಕಾದರೆ ಆ ಪ್ರದೇಶದಲ್ಲಿ ನಿಮ್ಮದೊಂದು ರಾಷ್ಟ್ರವಿರಬೇಕು, ಪ್ರಮಾಣವಚನ ಸ್ವೀಕರಿಸಬೇಕು. ಅರ್ಜಿಯನ್ನು ಎರಡು ಕಡೆ ನೋಡುತ್ತಾರೆ. ಪ್ರಜೆಗಳು ಚರ್ಚಿಸುವ ಸಭಾತಾಣದ ಆಡಳಿತ ನೋಡಿಕೊಳ್ಳುವವರು, ನೀವು ಇಂಟರ್‌ನೆಟ್ ವಿಳಾಸ ಮರೆಸಿಕೊಂಡು ಬಂದಿಲ್ಲ, ಹಿಂದೆ ನ್ಯಾಯಾಲಯ ಕೊಟ್ಟ ಶಿಕ್ಷೆಯನ್ನು ತಪ್ಪಿಸಿಕೊಳ್ಳಲು ಹೊಸ ಹೆಸರಿನಲ್ಲಿ ಬಂದಿಲ್ಲ ಎಂದು ಪರಿಶೀಲಿಸುತ್ತಾರೆ. ಉಪಪ್ರತಿನಿಧಿ, ಅಂದರೆ ವೈಸ್ ಡೆಲಿಗೇಟ್, ಪ್ರದೇಶದ ಭದ್ರತಾ ಮಂಡಳಿಯನ್ನು ಕೇಳಿಕೊಂಡು, ನಿಮ್ಮಿಂದ ಅಪಾಯವಿದೆಯೇ ಎಂದು ತೂಗುತ್ತಾರೆ. ಇಷ್ಟರವರೆಗೆ ಎಲ್ಲ ಕಡೆಯೂ ನಡೆಯುವಂಥದ್ದೇ. ಮುಂದಿನದು ವಿಶೇಷ. ಭದ್ರತೆಯ ಕಾರಣಕ್ಕೆ ಉಪಪ್ರತಿನಿಧಿ ಅರ್ಜಿ ತಿರಸ್ಕರಿಸಿದರೆ ಮಾತು ಅಲ್ಲಿಗೇ ಮುಗಿಯುವುದಿಲ್ಲ. ಪ್ರಜೆಗಳ ಸಭೆ ಕೂಡಲೇ ಚರ್ಚೆಗೆ ಎತ್ತಿಕೊಂಡು, ತಿರಸ್ಕಾರ ನಿಲ್ಲಬೇಕೇ ಬೇಡವೇ ಎಂದು ಮತಕ್ಕೆ ಹಾಕಲೇಬೇಕು. ಅರ್ಜಿದಾರ ಮೇಲ್ಮನವಿ ಹಾಕಬೇಕಾಗಿಲ್ಲ, ಕಾನೂನೇ ಆ ಕೆಲಸ ಮಾಡುತ್ತದೆ. ಹೊರಗೆ ನಿಂತಿರುವ, ಇನ್ನೂ ಮತದ ಹಕ್ಕಿಲ್ಲದ ಒಬ್ಬರಿಗಾಗಿ ಒಳಗಿರುವವರೆಲ್ಲ ಕೂತು ಯೋಚಿಸಬೇಕೆಂಬ ಈ ನಿಯಮ ದೊಡ್ಡದು. ಆಟಗಾರರೇ ಇದನ್ನು ಬರೆದಿದ್ದಾರೆ ಎಂದರೆ ಹೆಮ್ಮೆಯಾಗುತ್ತದೆ.

ಇನ್ನು ತಪಾಸಣೆಯಲ್ಲಿ ಏನೇನು ಕೇಳುತ್ತಾರೆ? ನಿಮ್ಮ ವಿಶ್ವಸಭೆಯ ರಾಷ್ಟ್ರ ಯಾವುದು, ಹಿಂದೆ ಯಾವ ಹೆಸರುಗಳಲ್ಲಿ ಆಡಿದ್ದೀರಿ, ಬೇರೆ ಯಾವ ಪ್ರದೇಶಗಳ ಪ್ರಜೆ, ರೇಡರ್‌ಗಳ ಅಥವಾ ಡಿಫೆಂಡರ್‌ಗಳ ಯಾವ ಸೈನ್ಯದಲ್ಲಿದ್ದೀರಿ, ಎಲ್ಲಿಯಾದರೂ ನಿಮ್ಮನ್ನು ನಿಷೇಧಿಸಿದ್ದಾರೆಯೇ. ಈ ಪ್ರಶ್ನೆಗಳೆಲ್ಲ ನ್ಯಾಯವಾದವು, ಏಕೆಂದರೆ ಇವೆಲ್ಲ ಆಟದೊಳಗಿನ ನಡತೆಗೆ ಸೇರಿದವು. ಒಂದು ರಾಷ್ಟ್ರ ಎಲ್ಲಿಂದ ಎಲ್ಲಿಗೆ ಹೋಯಿತು, ಯಾರಿಗೆ ಅನುಮೋದನೆ ಕೊಟ್ಟಿತು ಎಂಬುದು ಆಟದಲ್ಲಿ ಬಹಿರಂಗವಾಗಿಯೇ ದಾಖಲಾಗುತ್ತದೆ, ತಾಳ್ಮೆ ಇದ್ದವರು ಓದಬಹುದು.

ಇಲ್ಲಿ ತಪಾಸಣೆ ಮಾಡುವವರು ಒಂದು ಸೂಕ್ಷ್ಮವನ್ನು ಹಿಡಿಯಬೇಕು. ಈ ಆಟದಲ್ಲಿ ಒಬ್ಬರೇ ಮೂರು ನಾಲ್ಕು ಪ್ರದೇಶಗಳಲ್ಲಿ ಬೇರೆ ಬೇರೆ ರಾಷ್ಟ್ರ ಇಟ್ಟುಕೊಂಡು ಎಲ್ಲ ಕಡೆಯೂ ಪ್ರಾಮಾಣಿಕವಾಗಿ ದುಡಿಯುವುದು ಸಾಮಾನ್ಯ. ಆದ್ದರಿಂದ ಬೇರೆಡೆ ನಂಟಿದೆ ಎಂಬುದು ಅಪರಾಧವಾಗದು. ಅಲ್ಲಿಂದ ಇವರಿಗೆ ಅಪ್ಪಣೆ ಬರುತ್ತದೆಯೇ, ಬಂದರೆ ಯಾರ ಮಾತು ಕೇಳುತ್ತಾರೆ ಎಂಬುದೇ ತಿಳಿಯಬೇಕಾದ ವಿಷಯ. ಹಾಗೆಯೇ ಹಿಂದೊಮ್ಮೆ ರೇಡರ್ ಆಗಿದ್ದೆ ಎಂದು ತಾನಾಗಿ ಬರೆದವರಿಗಿಂತ, ಕೇಳಿದಾಗಲೂ ಮುಚ್ಚಿಟ್ಟವರ ಬಗ್ಗೆ ಹೆಚ್ಚು ಎಚ್ಚರ ಬೇಕು. ಹದಿನಾರನೇ ವಯಸ್ಸಿನಲ್ಲಿ ದಾಳಿ ಮಾಡಿ ಖುಷಿಪಟ್ಟವನು ಹತ್ತೊಂಬತ್ತಕ್ಕೆ ಸಂವಿಧಾನ ತಿದ್ದುಪಡಿಯಲ್ಲಿ ತಲೆ ಕೆಡಿಸಿಕೊಳ್ಳಬಹುದು. ಜನ ಬದಲಾಗುತ್ತಾರೆ.

ಈಗ ಐಪಿ ವಿಳಾಸದ ಮಾತು. ಒಬ್ಬರೇ ಎರಡು ಹೆಸರಿನಲ್ಲಿ ಬಂದು ಎರಡು ಮತ ಹಾಕುತ್ತಿದ್ದಾರೆಯೇ ಎಂದು ಕಂಡುಹಿಡಿಯಲು ಆಡಳಿತದವರು ಮೊದಲು ನೋಡುವುದು ಇದನ್ನೇ. ಇಂಟರ್‌ನೆಟ್ಟಿಗೆ ಬಂದ ಪ್ರತಿ ಸಂಪರ್ಕಕ್ಕೂ ಒಂದು ಸಂಖ್ಯೆ ಇರುತ್ತದೆ, ಎರಡು ಅರ್ಜಿಗಳ ಸಂಖ್ಯೆ ಒಂದೇ ಆದರೆ ಅನುಮಾನ ಹುಟ್ಟುತ್ತದೆ. ಆದರೆ ಹಳೆಯ ಮಾದರಿಯ ಐಪಿ ವಿಳಾಸಗಳು ಇರುವುದೇ ಸುಮಾರು 430 ಕೋಟಿ, ಜಗತ್ತಿನ ಜನಸಂಖ್ಯೆಗಿಂತ ಕಡಿಮೆ. ಹಾಗಾಗಿ ಮೊಬೈಲ್ ಕಂಪನಿಗಳು ಒಂದೇ ಹೊರ ವಿಳಾಸವನ್ನು ಬಹಳಷ್ಟು ಗ್ರಾಹಕರಿಗೆ ಹಂಚುತ್ತವೆ. ಭಾರತದಲ್ಲಿ ಇದು ದಿನನಿತ್ಯದ ಸಂಗತಿ. ಹುಬ್ಬಳ್ಳಿಯ ಒಂದು ಮನೆಯ ಅಣ್ಣತಮ್ಮಂದಿರು, ಮೈಸೂರಿನ ಒಂದು ಹಾಸ್ಟೆಲ್ಲಿನ ಇಪ್ಪತ್ತು ಹುಡುಗಿಯರು, ಒಂದೇ ಟವರಿನ ಕೆಳಗೆ ಒಬ್ಬರಿಗೊಬ್ಬರು ಪರಿಚಯವೇ ಇಲ್ಲದ ಇಬ್ಬರು, ಎಲ್ಲರೂ ದೂರದಲ್ಲಿ ಕೂತು ನೋಡುವವರ ಕಣ್ಣಿಗೆ ಒಬ್ಬರೇ ಆಗಿ ಕಾಣಬಹುದು. ಅಮೆರಿಕದಲ್ಲಿ, ಯುರೋಪಿನಲ್ಲಿ ಮನೆಗೊಂದು ಬ್ರಾಡ್‌ಬ್ಯಾಂಡ್ ಇರುವುದನ್ನೇ ಕಂಡು ಬೆಳೆದವರು ತಪಾಸಣೆಗೆ ಕೂತರೆ ನಮ್ಮ ಮಕ್ಕಳಿಗೆ ಅನ್ಯಾಯವಾಗುವುದು ಹೀಗೆ. ವಿಳಾಸ ಮರೆಸುವ ವಿಪಿಎನ್ ಬಳಸಿದರೂ ಅನುಮಾನ. ಆದರೆ ಕಾಲೇಜಿನ ವೈಫೈ ಆಟದ ತಾಣಗಳನ್ನು ತಡೆಯುತ್ತದೆ ಎಂಬ ಸಣ್ಣ ಕಾರಣಕ್ಕೂ ಹುಡುಗರು ವಿಪಿಎನ್ ಹಾಕಿಕೊಂಡಿರುತ್ತಾರೆ. ಐಪಿ ಹೊಂದಿಕೆ ಕಂಡರೆ ಅದು ಕೇಳಬೇಕಾದ ಒಂದು ಪ್ರಶ್ನೆ ಮಾತ್ರ. ಉತ್ತರ ಅರ್ಜಿದಾರರಿಂದ ಬರಬೇಕು, ಅದಕ್ಕೆ ಅವಕಾಶ ಕೊಡಬೇಕು.

ಯಾವ ಪ್ರಶ್ನೆ ಕೇಳಲೇಬಾರದು ಎಂಬುದೂ ಇಷ್ಟೇ ಮುಖ್ಯ. ಬಾಡಿಗೆ ಮನೆ ಹುಡುಕಿದ ನಮ್ಮಲ್ಲಿ ಬಹುಮಂದಿಗೆ ಗೊತ್ತು: ಬಾಡಿಗೆ, ಅಡ್ವಾನ್ಸು, ನೀರಿನ ಮಾತೆಲ್ಲ ಮುಗಿದ ಮೇಲೆ ಮನೆಯೊಡೆಯರು ಮೆಲ್ಲಗೆ ‘ನೀವು ಯಾವ ಕಡೆಯವರು?’ ಎನ್ನುತ್ತಾರೆ. ಬಾಡಿಗೆ ಕಟ್ಟುವುದಕ್ಕೂ ಆ ಪ್ರಶ್ನೆಗೂ ಸಂಬಂಧವಿಲ್ಲ. ಭದ್ರತೆಯ ಹೆಸರಿನ ತಪಾಸಣೆಗೂ ಇದೇ ಚಾಳಿ ಅಂಟಿಕೊಳ್ಳಬಹುದು. ಯಾವ ದೇಶ, ಯಾವ ಧರ್ಮ, ನಿಜ ಜೀವನದಲ್ಲಿ ಯಾವ ಪಕ್ಷ, ಗಂಡೋ ಹೆಣ್ಣೋ. ಇವುಗಳಿಂದ ಯಾರು ಸ್ಲೀಪರ್ ಎಂದು ತಿಳಿಯುವುದಿಲ್ಲ. ಕೇಳುವವರ ಪೂರ್ವಗ್ರಹಕ್ಕೆ ಮೇವು ಸಿಗುತ್ತದೆ, ಅಷ್ಟೇ. ದ್ವೇಷದ ಮಾತಾಡುವವರನ್ನು, ಇತರರನ್ನು ಹಿಂಸಿಸುವವರನ್ನು ದೂರವಿಡುವುದು ಬೇರೆ ವಿಚಾರ. ಅದು ಅವರ ನಡತೆಗೆ ಕೊಡುವ ಉತ್ತರ, ಅದನ್ನು ಹಾಗೆಂದೇ ಹೆಸರಿಟ್ಟು ಮಾಡಬೇಕು. ‘ಭದ್ರತೆಗೆ ಅಪಾಯ’ ಎಂಬ ದೊಡ್ಡ ಚೀಲದೊಳಗೆ ತಮಗೆ ಹಿಡಿಸದವರನ್ನೆಲ್ಲ ತುಂಬುವ ರೂಢಿ ಬಿದ್ದರೆ, ಕೆಲವೇ ದಿನಗಳಲ್ಲಿ ಆ ಪ್ರದೇಶದಲ್ಲಿ ಒಂದೇ ಥರದ ಜನ ಉಳಿಯುತ್ತಾರೆ.

ಎಲ್ಲಕ್ಕಿಂತ ಕಷ್ಟದ ಗಂಟು ಗುಪ್ತ ಸಾಕ್ಷಿಯದು. ಈ ಆಟದಲ್ಲಿ ಪ್ರದೇಶಗಳಿಗೆ ಬೇಹುಗಾರಿಕೆಯೂ ಉಂಟು. ಶತ್ರುಪಾಳಯದೊಳಗಿರುವ ಒಬ್ಬ ಗೆಳೆಯ, ‘ನಿಮ್ಮಲ್ಲಿ ಅರ್ಜಿ ಹಾಕಿರುವವನು ನಮ್ಮವನೇ’ ಎಂದು ಗುಟ್ಟಾಗಿ ತಿಳಿಸಿದ ಎಂದುಕೊಳ್ಳಿ. ಕಾರಣ ಬಹಿರಂಗ ಮಾಡಿದರೆ ಸುದ್ದಿ ಕೊಟ್ಟವನು ಸಿಕ್ಕಿಬೀಳುತ್ತಾನೆ. ಮಾಡದಿದ್ದರೆ ಅರ್ಜಿದಾರನಿಗೆ ತನ್ನ ಮೇಲಿನ ಆರೋಪವೇ ತಿಳಿಯದು. ಸುದ್ದಿಯೇ ಸುಳ್ಳಾಗಿರಬಹುದು, ಒಳ್ಳೆಯ ಆಟಗಾರನನ್ನು ದೂರವಿಡಲು ಯಾರೋ ಹೂಡಿದ ತಂತ್ರವಾಗಿರಬಹುದು. ನಮ್ಮ ಸಂವಿಧಾನದ 22ನೇ ವಿಧಿಯನ್ನು ಓದಿದವರಿಗೆ ಈ ಗಂಟು ಹೊಸದಲ್ಲ. ಮುಂಜಾಗ್ರತೆಯ ಹೆಸರಿನಲ್ಲಿ ಯಾರನ್ನಾದರೂ ಬಂಧಿಸಿದರೆ ಕಾರಣಗಳನ್ನು ಆದಷ್ಟು ಬೇಗ ತಿಳಿಸಬೇಕು, ಅಹವಾಲು ಹೇಳಿಕೊಳ್ಳಲು ಅವಕಾಶ ಕೊಡಬೇಕು ಎಂದು ಆ ವಿಧಿ ಹೇಳುತ್ತದೆ. ಸಾರ್ವಜನಿಕ ಹಿತಕ್ಕೆ ವಿರುದ್ಧವೆನಿಸಿದ ಸಂಗತಿಗಳನ್ನು ತಿಳಿಸಬೇಕಾಗಿಲ್ಲ ಎಂದೂ ಮುಂದಿನ ಸಾಲಿನಲ್ಲೇ ಹೇಳುತ್ತದೆ. ಮೂರು ತಿಂಗಳು ಮೀರಿ ಇಟ್ಟುಕೊಳ್ಳಬೇಕಾದರೆ ಸಲಹಾ ಮಂಡಳಿಯ ಅಭಿಪ್ರಾಯ ಬೇಕು. ಒಂದು ಕಡೆ ಸೆರೆಮನೆ, ಇನ್ನೊಂದು ಕಡೆ ಆಟ. ಎರಡರ ತೂಕ ಒಂದಲ್ಲ, ನಿಜ. ಆದರೂ ಅಲ್ಲಿರುವ ವಿವೇಕ ಇಲ್ಲಿಗೂ ಬೇಕು. ಗುಪ್ತ ಸಾಕ್ಷಿಯನ್ನು ಕನಿಷ್ಠ ಮೂವರಾದರೂ ನೋಡಬೇಕು, ಅವರಲ್ಲಿ ತಪಾಸಣೆ ಮಾಡಿದವರ ಗುಂಪಿಗೆ ಸೇರದ ಒಬ್ಬರಿರಬೇಕು, ಸಾಕ್ಷಿಯ ಮೂಲ ಹೇಳಲಾಗದಿದ್ದರೂ ಆರೋಪದ ಸಾರವನ್ನಾದರೂ ಅರ್ಜಿದಾರರಿಗೆ ತಿಳಿಸಬೇಕು.

ಇಷ್ಟೆಲ್ಲ ಮಾಡಿದರೂ ತಪಾಸಣೆಯಿಂದ ಎಷ್ಟು ಕಾಪಾಡಿಕೊಳ್ಳಬಹುದು? ಇದಕ್ಕೆ ಇನ್ನೊಂದು ಆಟದ ಕಡೆ ನೋಡಬೇಕು. ಐಸ್‌ಲ್ಯಾಂಡಿನ ಸಿಸಿಪಿ ಕಂಪನಿ 2003ರಲ್ಲಿ ತಂದ ‘ಈವ್ ಆನ್‌ಲೈನ್’ ಬಾಹ್ಯಾಕಾಶದ ಆಟ. ಅಲ್ಲಿನ ಸಂಘಗಳು ಮಾಡುವ ತಪಾಸಣೆ ಬಹಳ ಕಟು. ಸೇರಬಯಸಿದವರು ಆಟದೊಳಗಿನ ತಮ್ಮ ಪತ್ರಗಳು, ಹಣದ ಲೆಕ್ಕ, ಪರಿಚಿತರ ಪಟ್ಟಿ ಎಲ್ಲವನ್ನೂ ತೆರೆದು ತೋರಿಸಬೇಕೆಂದು ಕೇಳುವುದು ಅಲ್ಲಿ ವಾಡಿಕೆ. ಅಂಥ ಆಟದಲ್ಲಿಯೇ 2005ರಲ್ಲಿ ‘ಗೈಡಿಂಗ್ ಹ್ಯಾಂಡ್ ಸೋಷಿಯಲ್ ಕ್ಲಬ್’ ಎಂಬ ಕೂಟ ‘ಯುಬಿಕ್ವಾ ಸೆರಾಫ್’ ಎಂಬ ಸಂಘದೊಳಗೆ ತಿಂಗಳುಗಟ್ಟಲೆ ತನ್ನವರನ್ನು ಬೆಳೆಸಿ, ಮುಖ್ಯಸ್ಥೆಯ ಪಕ್ಕದ ಸ್ಥಾನದವರೆಗೂ ಏರಿಸಿ, ಒಂದೇ ದಿನದಲ್ಲಿ ಹಡಗುಗಳನ್ನೂ ಉಗ್ರಾಣಗಳನ್ನೂ ದೋಚಿತು. 2009ರ ಫೆಬ್ರುವರಿಯಲ್ಲಿ ‘ಬ್ಯಾಂಡ್ ಆಫ್ ಬ್ರದರ್ಸ್’ ಎಂಬ ಬಲಾಢ್ಯ ಒಕ್ಕೂಟವನ್ನು ಅದರ ನಿರ್ದೇಶಕನೊಬ್ಬನೇ ಎದುರಾಳಿ ‘ಗೂನ್‌ಸ್ವಾರ್ಮ್’ ಕಡೆಗೆ ತಿರುಗಿ ವಿಸರ್ಜಿಸಿಬಿಟ್ಟ. ಆತ ಹೊಸಬನಾಗಿರಲಿಲ್ಲ. ಒಳಗಿನವನು, ನಂಬಿಕೆಯವನು. ಒಂದು ಗುಂಡಿ ಒತ್ತಿ ಇಡೀ ಒಕ್ಕೂಟವನ್ನೇ ಇಲ್ಲವಾಗಿಸುವ ಅಧಿಕಾರ ಅವನ ಕೈಯಲ್ಲಿ ಇದ್ದೇ ಇತ್ತು. ಅವನು ಸೇರಿದ ದಿನ ಯಾರು ಎಂಥ ಪ್ರಶ್ನೆ ಕೇಳಿದ್ದರೂ, ಆಮೇಲೆ ಹುಟ್ಟಲಿದ್ದ ಮನಸ್ಸು ಅಂದೇ ಸಿಗುತ್ತಿರಲಿಲ್ಲ.

ನಾನು ಈ ಮಾತನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಒಂದು ಸಲ ಪೆಟ್ಟು ತಿಂದ ಪ್ರದೇಶಗಳು ಮೊದಲು ಮಾಡುವುದೇ ಅರ್ಜಿಯ ಪ್ರಶ್ನೆಗಳನ್ನು ಎರಡು ಪಟ್ಟು ಮಾಡುವುದು. ಪ್ರಶ್ನೆಗಳು ಹೆಚ್ಚಿದಷ್ಟೂ ಪಳಗಿದ ಸ್ಲೀಪರ್‌ಗೆ ತೊಂದರೆಯಿಲ್ಲ, ಅವನು ಉತ್ತರ ಸಿದ್ಧ ಮಾಡಿಕೊಂಡೇ ಬಂದಿರುತ್ತಾನೆ. ತಡವರಿಸುವವರು ಮೊದಲ ಸಲ ಬಂದ ಮುಗ್ಧರು. ನಿಜವಾದ ಕಾವಲು ಬಾಗಿಲಿನಲ್ಲಿಲ್ಲ, ಒಳಗೆ ಅಧಿಕಾರವನ್ನು ಹಂಚಿರುವ ರೀತಿಯಲ್ಲಿದೆ. ಪೆಸಿಫಿಕ್ ಪ್ರದೇಶಗಳು ಇದನ್ನು ಪೆಟ್ಟು ತಿಂದೇ ಕಲಿತವು. ಸಾಮಾನ್ಯ ಪ್ರಜೆ ಇಂತಿಷ್ಟಕ್ಕಿಂತ ಹೆಚ್ಚು ಅನುಮೋದನೆ ಕೂಡಿಸಬಾರದೆಂದು ಮಿತಿ ಹಾಕಿದರು. ದೀರ್ಘಕಾಲ ನೆಲೆಸಿ ಪ್ರಭಾವ ಗಳಿಸಿದ ಹಲವರನ್ನು ಭದ್ರತಾ ಮಂಡಳಿಗೆ ಸೇರಿಸಿ, ಡೆಲಿಗೇಟ್ ದಾರಿತಪ್ಪಿದರೆ ಯಾರ ನಂತರ ಯಾರು ಹೊಣೆ ಹೊರಬೇಕೆಂದು ಸರತಿ ಬರೆದಿಟ್ಟರು. 2006ರ ಪ್ರಭಾವದ ನಿಯಮ ನೆರವಿಗೆ ಬರುವುದು ಇಲ್ಲಿ. ಬಹುಕಾಲ ಬಾಳಿದವರು ಹಲವರಿದ್ದರೆ ಯಾವ ಕ್ರಾಂತಿಕಾರಿಗೂ ಅವರನ್ನೆಲ್ಲ ಹೊರಹಾಕುವಷ್ಟು ಪ್ರಭಾವ ಒಮ್ಮೆಲೇ ಸಿಗುವುದಿಲ್ಲ. ಹೊಸಬರಿಗೆ ಮತದ ಹಕ್ಕು ಬೇಗ ಕೊಡಿ, ಕೀಲಿಕೈ ನಿಧಾನವಾಗಿ ಕೊಡಿ. ಸಭೆಯಲ್ಲಿ ಒಂದು ಮತ ಹಾಕುವವರಿಂದ ಪ್ರದೇಶ ಮುಳುಗುವುದಿಲ್ಲ.

ಕೊನೆಯದಾಗಿ, ತಪಾಸಣೆಯ ನಂತರ ಉಳಿಯುವ ಕಡತದ ವಿಚಾರ. ಇದರ ಬಗ್ಗೆ ಮಾತು ಕಡಿಮೆ, ನನಗೆ ಕಳವಳ ಹೆಚ್ಚು. ಐಪಿ ವಿಳಾಸವೂ ವೈಯಕ್ತಿಕ ಮಾಹಿತಿಯಾಗಬಹುದು ಎಂದು ಐರೋಪ್ಯ ಒಕ್ಕೂಟದ ನ್ಯಾಯಾಲಯ 2016ರಲ್ಲೇ ಹೇಳಿದೆ. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳು, ಅವರ ಮಾಹಿತಿ ಬಳಸಲು ತಂದೆತಾಯಿಯ ಒಪ್ಪಿಗೆ ಬೇಕು. ಹವ್ಯಾಸಕ್ಕೆ ಕೂಡಿದ ಆಟಗಾರರ ಗುಂಪಿಗೆ ಈ ಕಾನೂನುಗಳು ಎಷ್ಟು ತಾಗುತ್ತವೆ ಎಂದು ವಕೀಲರು ವಾದ ಮಾಡಲಿ. ಅಲ್ಲಿಯವರೆಗೆ ಸುಮ್ಮನಿರಬೇಕಾಗಿಲ್ಲ. ಒಬ್ಬ ಹುಡುಗನ ವಿಳಾಸ, ಅವನು ಹಿಂದೆ ಬಳಸಿದ ಹೆಸರುಗಳು, ಅವನ ಬಗ್ಗೆ ಇತರರು ಹೇಳಿದ ಚಾಡಿ, ಇವೆಲ್ಲ ಅವನು ನೋಡಿಯೇ ಇರದ ಯಾರದೋ ಕಂಪ್ಯೂಟರಿನಲ್ಲಿ ವರ್ಷಗಟ್ಟಲೆ ಕೂತಿರುವುದು ಸರಿಯಲ್ಲ.

ಮನೆಯಲ್ಲಿ ಇಂಥ ಆಟ ಆಡುವ ಮಕ್ಕಳಿದ್ದರೆ ಹಿರಿಯರು ಕೂತು ಮಾತಾಡಿ. ಆಟ ಬಿಡಿಸಬೇಡಿ, ಅಲ್ಲಿ ಅವರು ಮಸೂದೆ ಬರೆಯಲು, ಸೋತರೂ ಸಭೆಯಲ್ಲಿ ಕೂರಲು ಕಲಿಯುತ್ತಿದ್ದಾರೆ. ಆಟದ ಹೆಸರುಗಳನ್ನು ಕೇಳಿದರೆ ನಿಜ ಹೇಳಲಿ. ಫೋಟೊ, ಶಾಲೆಯ ಹೆಸರು, ಫೋನ್ ನಂಬರು, ಗುರುತಿನ ಚೀಟಿ ಕೇಳಿದರೆ, ಭದ್ರತೆ ಎಂದು ಎಷ್ಟು ಗಂಭೀರವಾಗಿ ಹೇಳಿದರೂ ಕೊಡಬಾರದು. ಅಂಥ ಪ್ರಶ್ನೆ ಕೇಳಿದವರ ಬಗ್ಗೆ ಕೂಡಲೇ ಆಟದ ಮಾಡರೇಟರ್‌ಗಳಿಗೂ ಮನೆಯವರಿಗೂ ತಿಳಿಸಬೇಕು.

ಪ್ರದೇಶ ನಡೆಸುವ ಯುವಕ ಯುವತಿಯರು ಈ ಮಾತು ಕೇಳುತ್ತಿದ್ದರೆ ಅವರಲ್ಲಿ ನನ್ನದೊಂದು ವಿನಂತಿ. ತಪಾಸಣೆಗೆ ಕೂಡಿಸಿದ ಐಪಿ ವಿವರ ಇಂತಿಷ್ಟು ದಿನದ ನಂತರ ಅಳಿಸಲಾಗುವುದು ಎಂದು ನಿಮ್ಮ ಕಾನೂನಿನಲ್ಲೇ ಬರೆಯಿರಿ, ಅಳಿಸುವ ಹೊಣೆ ಯಾರದೆಂದೂ ಬರೆಯಿರಿ. ಯಾರನ್ನಾದರೂ ನಿರಾಕರಿಸಿದರೆ ಆ ಪತ್ರದಲ್ಲಿ ಮೂರು ಸಂಗತಿ ಇರಲಿ: ಕಾರಣದ ಸಾರ, ಸಭೆ ಅದನ್ನು ಚರ್ಚಿಸುವ ದಿನ, ಮತ್ತು ಅರ್ಜಿದಾರರು ಮತ್ತೊಮ್ಮೆ ಅರ್ಜಿ ಹಾಕಬಹುದಾದ ದಿನಾಂಕ.